ಸತ್ತ ಬೋರಿಗೆ ಹದಿನೆಂಟು ಚೀಲ

ಸತ್ತ ಬೋರಿಗೆ ಸಾವಕ್ಕ ದಿನಾ ಬೆಳಿಗ್ಗೆ ನೀರು ಕುಡಿಸುತ್ತಿದ್ದಳು. ಒಂಬತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಎರಡು ಪದರಿನ ಬಿಳಿ ಬಟ್ಟೆಯಲ್ಲಿ ಮನೆಗೆ ಬೇಕಾದ ನೀರು ಸೋಸಿ, ಬಟ್ಟೆಯ ಮೈಯನ್ನು ಒಂದು ತಂಬಿಗೆಯೊಳಕ್ಕೆ ತೊಳೆದುಕೊಂಡು, ಹಿತ್ತಲಿಗೆ ಹೋಗಿ ಬೋರಿನ ಬಾಯಿ ಮೇಲಿನ ತಗಡು ಸರಿಸಿ ಸುರಿಯುವಳು. ಇದಕ್ಕೆ ಜಿವಾಣಿ ಎನ್ನುತ್ತಾರೆ. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಮರಳಬೇಕು. ಇಲ್ಲದಿದ್ದರೆ ಹಿಂಸೆ. ಬಾವಿ ಇದ್ದ ಕಾಲದಲ್ಲಿ ಇದು ಸುಲಭವಿತ್ತು. ನಡೆಯುವ ಬೋರಿನ ಬಾಯಿ ಪೈಪು, ಕೇಬಲ್ಲುಗಳಿಂದ ಬಿಗಿದಿರುತ್ತದೆ, ಅಲ್ಲಿ ತಂಬಿಗೆ ಬಗ್ಗಿಸಲು ಬರುವುದಿಲ್ಲ. ಹಾಗಾಗಿ ಮೂವತ್ತೈದು ಅಡಿ ಆಚೆ ಇದ್ದ ಸತ್ತ ಬೋರನ್ನು ಸಾವಕ್ಕ ಆರಿಸಿಕೊಂಡಿದ್ದಳು. “ಎರಡರದೂ ಸೆಲಿ ಒಂದ ಐತಿ” ಎನ್ನುವುದು ಅವಳ ತೀರ್ಮಾನ. ಆ ಮನೆಯಲ್ಲಿ ಅವಳ ತೀರ್ಮಾನವೇ ಎಲ್ಲರ ತೀರ್ಮಾನ.

ಬೋರು ಕೊರೆಸಿದವನು ಅವಳ ಗಂಡ ತಮ್ಮಣ್ಣ. ಇನ್ನೂರ ಎಂಬತ್ತು ಅಡಿ, ಬಹುಪಾಲು ಕರಿಕಲ್ಲು. ಆರು ವರ್ಷ ನೀರು ಕೊಟ್ಟು ಒಂದು ಏಪ್ರಿಲಿನಲ್ಲಿ ಅದು ಗಾಳಿ ಉಗುಳಿ ಸುಮ್ಮನಾಯಿತು. ತಮ್ಮಣ್ಣ ಪಕ್ಕದಲ್ಲಿ ಇನ್ನೂ ಆಳದ ಹೊಸ ಬೋರು ಕೊರೆಸಿ, ಹಳೆಯದರ ಕೇಸಿಂಗ್ ಪೈಪನ್ನು ಎಳೆದು ತೆಗೆದು ಹೊಸದಕ್ಕೆ ಇಳಿಸಿದ. ಈ ಕಡೆ ಎಲ್ಲರೂ ಮಾಡುವುದು ಹಾಗೆಯೇ. ಮರುವರ್ಷ ಅವನೂ ತೀರಿಕೊಂಡ. ಪೈಪಿಲ್ಲದ ಹಳೆಯ ಬೋರಿನ ಮೇಲಿನ ಮೂವತ್ತು ಅಡಿ ಮಣ್ಣು ಮುರುಮು ಅಲ್ಲಲ್ಲಿ ಕುಸಿದು, ಒಳಗೆಲ್ಲ ಸಂದುಬಿಟ್ಟಿತ್ತು. ಅಲ್ಲಿಂದ ಮೂರು ಹೆಜ್ಜೆಗೆ ಓಣಿಯ ಗಟಾರ. ಇಚಲಕರಂಜಿಯ ಆ ಓಣಿಯಲ್ಲಿ ಗಟಾರ ಒಣಗಿದ್ದನ್ನು ಯಾರೂ ಕಂಡಿಲ್ಲ. ನೂಲಿಗೆ ಗಂಜಿ ಹಾಕುವ ಕಾರಖಾನೆಗಳ ಬೂದು ನೀರು, ಬಚ್ಚಲು ನೀರು, ಸಂಡಾಸದ ನೀರು ಎಲ್ಲ ಕೂಡಿ ಹರಿಯುತ್ತಿತ್ತು.

ನೂತನ ಈ ಮನೆಗೆ ಸೊಸೆಯಾಗಿ ಬಂದು ಎಂಟು ವರ್ಷ. ತವರು ಸುಳಕೂಡ. ಸುಳಕೂಡದ ಹೊಳೆಯಿಂದ ಇಚಲಕರಂಜಿಗೆ ನೀರು ತರಬೇಕೆಂದು ಶಹರದವರು, ಒಂದು ಹನಿ ಬಿಡುವುದಿಲ್ಲವೆಂದು ಹೊಳೆ ದಂಡೆಯವರು ಜಗಳ ಹಿಡಿದ ಮೇಲಂತೂ ನಳ ಬರದ ದಿನವೆಲ್ಲ ಅವಳಿಗೆ ಮಾತಿನ ಪೆಟ್ಟು ಗ್ಯಾರಂಟಿ.

“ನಿನ್ನ ತವರಮನಿಯವರ ಕೃಪಾದಿಂದ ಐದ ದಿನಾ ಆತು ನೋಡವಾ ನಳ ಬಂದು” ಎಂದು ಸಾವಕ್ಕ ಕೊಡ ಕುಕ್ಕುವಳು.

“ನಮ್ಮಪ್ಪ ಹೊಳ್ಯಾಗ ಅಡ್ಡ ಮಲಗ್ಯಾನೇನ್ರಿ ಅತ್ತಿ?” ಎಂದು ನೂತನ ಬಾಯಿ ತಿರುಗಿಸುವಳು.

ನಳ ಬರುವುದು ಐದು ದಿನಕ್ಕೊಮ್ಮೆ. ಮಿಕ್ಕ ದಿನ ಬೋರೇ ಗತಿ. ಸಾವಕ್ಕನವರಿದ್ದ ಮುಂಭಾಗದ ಮನೆಯಲ್ಲಿ ಆ ನೀರು ಸೋಸಿ, ಕಾಯಿಸಿ, ಆರಿಸಿ ಕುಡಿಯುತ್ತಿದ್ದರು. ಹಸಿ ನೀರು ಕುಡಿಯುವುದಿಲ್ಲವೆಂದು ಸಾವಕ್ಕನ ವ್ರತ, ಅವಳ ವ್ರತ ಮನೆಗೆಲ್ಲ. ಹಿತ್ತಲ ಕಡೆ ಖೋಲಿಗಳಲ್ಲಿ ಬಾಡಿಗೆಗಿದ್ದವರು ಅಂಗಳದ ಬೋರಿನ ನಳಕ್ಕೆ ಕೊಡ ಹಿಡಿದು ಹಾಗೇ ಕುಡಿಯುತ್ತಿದ್ದರು. ಮೂರು ಖೋಲಿಯಲ್ಲಿ ಈಗ ಒಂದೇ ತುಂಬಿತ್ತು. ಬಾಗಲಕೋಟೆ ಕಡೆಯ ಯಲಗೂರಪ್ಪ, ಅವನ ಹೆಂಡತಿ ಶಿವವ್ವ, ಒಂಬತ್ತು ವರ್ಷದ ಮಗಳು ಪ್ರಾಜಕ್ತಾ. ಅವನು ಬೇರೆಯವರ ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದ, ಅವಳು ಮನೆಯಲ್ಲೇ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವರಿಗಿಂತ ಮುಂಚೆ ಇದ್ದವರ ಮಗನಿಗೆ ಕಾಮಾಲೆ, ಈ ಕಡೆಯವರ ಕಾಮಣಿ, ಆಗಿ ಅವರು ಖೋಲಿ ಬಿಟ್ಟು ಹೋಗಿದ್ದರು. ಈಗ ಪ್ರಾಜಕ್ತಾಳ ಕಣ್ಣು ಅರಿಸಿನವಾಗಿತ್ತು.

ಏಪ್ರಿಲಿನ ಆ ಬೆಳಿಗ್ಗೆ ಶಿವವ್ವ ನಳದ ಹತ್ತಿರ ನಿಂತು ನೀರನ್ನು ಅಂಗೈಯಲ್ಲಿ ಹಿಡಿದು ಮೂಸುತ್ತಿದ್ದಳು.

“ಏನ್ ನೋಡಾಕತ್ತಿ ಶಿವವ್ವಾ?” ಎಂದು ನೂತನ ಕೇಳಿದಳು.

“ಮೂಸ್ರಿ ಅಕ್ಕಾರ. ಗಂಜಿ ವಾಸನಿ ಬರ್ತೈತೋ ಇಲ್ಲೋ. ಮಗ್ಗದಾಗ ಹುಟ್ಟಿ ಮಗ್ಗದಾಗ ಬೆಳದೇನಿ, ಈ ವಾಸನಿ ನನಗ ಹೇಳಿಕೊಡಬ್ಯಾಡ್ರಿ.”

ನೂತನ ಮೂಸಿದಳು. ಬರುತ್ತಿತ್ತು.

*

ಆ ಮನೆಯಲ್ಲಿ ರಾತ್ರಿ ಊಟವೆಂಬುದಿಲ್ಲ. ಹೊತ್ತು ಮುಳುಗುವುದರೊಳಗೆ ತಾಟು ತೊಳೆದಿಡಬೇಕು. ನೂತನಳ ಗಂಡ ಅತುಲ, ಮೈದುನ ಹರ್ಷದ ಇಬ್ಬರೂ ಗಡಹಿಂಗ್ಲಜ ಕಡೆಯ ಕೆಲಸದಿಂದ ಗಾಡಿ ಓಡಿಸಿಕೊಂಡು ಬಂದು ಬಿಸಿಲಿರುವಾಗಲೇ ತಾಟಿನ ಮುಂದೆ ಕೂತರು. ಜೋಳದ ಭಕ್ರಿ, ಹೆಸರುಕಾಳಿನ ಪಲ್ಯ, ಮಾವಿನಕಾಯಿ ಚಟ್ನಿ.

ಅವರ ಕೆಲಸ ಸತ್ತ ಬೋರು ಮುಚ್ಚುವುದು. ಹಳ್ಳಿಗಳಲ್ಲಿ ನೀರು ಬತ್ತಿ ಬಿಟ್ಟ ಬೋರುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಬೇಕೆಂದು ಆದೇಶವಾಗಿತ್ತು. ಕೊಲ್ಹಾಪುರದ ಗುತ್ತಿಗೆದಾರನೊಬ್ಬ ಹಿಡಿದ ಕೆಲಸದಲ್ಲಿ ಎಂಬತ್ತು ಬೋರು ಅತುಲನ ಪಾಲಿಗೆ ಬಂದಿದ್ದವು. ಬೋರಿಗೆ ಹತ್ತು ಚೀಲ ಸಿಮೆಂಟು. ಮನೆಯಲ್ಲಿದ್ದ ಎಂಟು ಮಗ್ಗಗಳನ್ನು ಗುಜರಿಗೆ ಹಾಕಿ ಎರಡು ವರ್ಷ ಖಾಲಿ ಕೂತಿದ್ದ ಅತುಲ ಈಗ ಇಸ್ತ್ರಿ ಅಂಗಿ ತೊಡುತ್ತಿದ್ದ. ಮಣ್ಣು ಮೆತ್ತಿಕೊಳ್ಳುವ ಕೆಲಸ ಹರ್ಷದನದು.

“ಇವತ್ತ ಎಷ್ಟ ಆದ್ವೋ?” ಎಂದು ಸಾವಕ್ಕ ಕೇಳಿದಳು.

“ಏಳು” ಎಂದ ಅತುಲ.

“ಏಳಾ?” ನೂತನ ಭಕ್ರಿ ಬಡಿಯುವುದನ್ನು ನಿಲ್ಲಿಸಿದಳು. “ತಳಾದಿಂದ ತುಂಬಸ್ಕೋತ ಬಂದ್ರ ಒಂದಕ್ಕ ಒಂದ ದಿನಾ ಬೇಕಂತ ನೀವ ಹೇಳಿದ್ರಿ.”

ಹರ್ಷದ ನಕ್ಕ. “ವೈನಿ, ನಮ್ಮ ದಾದಾನ ಪದ್ಧತಿನ ಬ್ಯಾರೆ. ಕಲ್ಲ ತುಂಬಿದ ಗೋಣಿಚೀಲ ಮೂರ ಫೂಟ ಒಳಗ ತುರಕೂದು, ಬೂಚಿನ ಗತೆ. ಮ್ಯಾಲ ಒಂದ ಚೀಲ ಮಾಲ ಹಾಕಿ ಕರಣಿ ಆಡ್ಸೂದು. ಕೆಂಪ ಬಣ್ಣಲೆ ನಂಬರ. ಫೋಟೋ. ಪುಢಚಾ ಗಾವ್, ಮುಂದಿನ ಹಳ್ಳಿಗೆ ನಡಿ!”

“ಊಟ ಮಾಡೋ ಸುಮ್ಮ” ಎಂದ ಅತುಲ.

“ಬೂಚಿನ ಕೆಳಗ?” ಎಂದಳು ನೂತನ.

“ಕೆಳಗ ಪಾತಾಳ.”

“ಉಳದ ಒಂಬತ್ತ ಚೀಲ?”

ಹರ್ಷದ ಗದ್ದದಿಂದ ಮಗ್ಗದ ಕೋಣೆಯ ಕಡೆ ತೋರಿಸಿದ. ಅಲ್ಲಿ ದಿನಾ ಚೀಲಗಳು ಇಳಿಯುವುದನ್ನು ನೂತನ ನೋಡುತ್ತಲೇ ಇದ್ದಳು. ನಾಳೆ ಹಳ್ಳಿಗೆ ಹೋಗುವ ಮಾಲು ಎಂದುಕೊಂಡಿದ್ದಳು. ಅದು ಹಳ್ಳಿಯಿಂದ ತಿರುಗಿ ಬಂದ ಮಾಲು.

“ನೀ ಹೆಂಗಸ, ನಿನಗ್ಯಾಕ ಚೀಲದ ಪಂಚಾಯ್ತಿ?” ಅತುಲ ತಾಟಿನಿಂದ ಕಣ್ಣೆತ್ತಲಿಲ್ಲ. “ಅಡಗಿ ರುಚಿ ಆಗೇತಿ, ಅಷ್ಟ ನೋಡ್ಕೋ.”

“ನೋಡ್ಕೋತೇನಿ. ಹಿತ್ತಲದಾಗಿನ ಬೋರ ಯಾವಾಗ ಮುಚ್ಚತೀರಿ? ಊರ ಮಂದೀದೆಲ್ಲಾ ಮುಚ್ಚಾಕತ್ತೀರಿ. ಶಿವವ್ವನ ಮಗಳಿಗೆ ಕಾಮಣಿ ಆಗೇತಿ. ಗಟಾರದ ನೀರ ಅದರಾಗ ಇಳದ ನಮ್ಮ ಬೋರಿಗೆ ಕೂಡಾಕತ್ತೈತಿ.”

“ಅದನ್ನ ಮುಟ್ಟೂದಿಲ್ಲ” ಎಂದಳು ಸಾವಕ್ಕ. “ಜಿವಾಣಿ ಎಲ್ಲಿ ಬಿಡ್ಲಿ ನಾ? ನಿನ್ನ ತಲಿ ಮ್ಯಾಲ?”

“ಆ ಹುಡಿಗಿ ಕಣ್ಣ ನೋಡೀರೇನ್ರಿ?”

“ನಮ್ಮ ಮನ್ಯಾಗೂ ಹುಡಿಗಿ ಐತಿ. ನಮ್ಮ ವೃಷಾಲಿಗೇನಾಗೇತಿ? ಅದ ನೀರ ಕುಡೀತಾಳ. ಅವರು ಕಂಡಕಂಡಲ್ಲಿ ಭಜಿ ತಿಂತಾರ, ಆಮ್ಯಾಲ ನೀರಿಗೆ ಹೆಸರಿಡ್ತಾರ.”

“ವೃಷಾಲಿ ಕಾಸಿದ್ದ ಕುಡೀತಾಳ್ರಿ. ಅವರು ಹಸೇದ ಕುಡೀತಾರ.”

“ಕಾಸ್ಕೋ ಅನ್ನು. ಬ್ಯಾಡ ಅಂದಾರ ಯಾರು?”

ನೂತನ ಒಲೆ ಆರಿಸಿ ಈಚೆ ಬಂದು ನಿಂತಳು. ಕೈಯಲ್ಲಿ ಹಿಟ್ಟಿತ್ತು.

“ಅತ್ತಿ, ಒಂದ ಮಾತ ಹೇಳ್ರಿ. ಎರಡೂ ಬೋರಿನ ಸೆಲಿ ಒಂದೋ ಬ್ಯಾರೇನೋ?”

“ಒಂದ.”

“ಬ್ಯಾರೆ” ಎಂದ ಅತುಲ ಅದೇ ಉಸಿರಿಗೆ. “ನಡಕ ಅಖಂಡ ಕಲ್ಲ ಐತಿ. ನಾ ಇದ ಧಂದಾದಾಗ ಅದೇನಿ, ನನಗ ಗೊತ್ತೈತಿ.”

“ಬ್ಯಾರೆ ಇದ್ರ, ಒಂಬತ್ತ ವರ್ಷ ನಿಮ್ಮವ್ವ ಆ ಜೀವಾನೆಲ್ಲಾ ಪರನೀರಿಗೆ ಒಗದ ಕೊಂದಾರ. ಒಂದ ಇದ್ರ, ಆ ಕೂಸಿಗೆ ಸಂಡಾಸದ ನೀರ ಕುಡಿಸ್ಯಾರ. ಎರಡರಾಗ ಒಂದ ಹೌದು. ತಾಯಿ ಮಗ ಕೂಡಿ ಯಾವದಂತ ಆರಿಸಿ ಹೇಳ್ರಿ.”

ಸಾವಕ್ಕ ತನ್ನ ತಾಟನ್ನು ಮುಂದಕ್ಕೆ ತಳ್ಳಿದಳು. “ಅಂತರಾಯ ಆತು” ಎಂದು ಎದ್ದಳು. ಊಟದ ನಡುವೆ ಕೇಳಬಾರದ್ದು ಕಿವಿಗೆ ಬಿದ್ದರೆ ವ್ರತಸ್ಥರು ಆ ಊಟ ಮುಂದುವರಿಸುವುದಿಲ್ಲ. ಮರುದಿನವೂ ಅವಳು ಉಪವಾಸ ಮಾಡಿದಳು, ಓಣಿಗೆಲ್ಲ ಕೇಳುವಂತೆ ಮಾಡಿದಳು. ಜೈನ ಬಸ್ತಿಗೆ ಬಂದ ಹೆಂಗಸರು “ಯಾಕ್ರಿ, ಏನಾತ್ರಿ?” ಎಂದಾಗ, “ಸೊಸಿ ಸುಳಕೂಡದಾಕಿ” ಎಂದಷ್ಟೇ ಹೇಳಿದಳು. ಅಷ್ಟು ಸಾಕಿತ್ತು.

*

ಎರಡು ದಿನ ಬಿಟ್ಟು ಅತುಲ ಬೋರು ಮುಚ್ಚಿಸಿದ. ನೂತನ ಮಗಳು ವೃಷಾಲಿಯನ್ನು ಶಾಲೆಗೆ ಬಿಟ್ಟು ಸಂತೆ ಮಾಡಿಕೊಂಡು ಬರುವಷ್ಟರಲ್ಲಿ ಕೆಲಸ ಮುಗಿದೇಹೋಗಿತ್ತು. ಕಟ್ಟೆಯಂತೆ ನಯವಾಗಿ ಕರಣಿ ಆಡಿಸಿದ ಸಿಮೆಂಟು, ಮೇಲೆ ಕೆಂಪು ಬಣ್ಣದಲ್ಲಿ ಅರವತ್ತೆರಡು ಎಂಬ ನಂಬರು, ನಟ್ಟನಡುವೆ ಹೆಬ್ಬೆರಳು ಹೋಗುವಷ್ಟು ದಪ್ಪದ ಬಿಳಿ ಪ್ಲಾಸ್ಟಿಕ್ ಪೈಪು. ಸಾವಕ್ಕ ಅದಕ್ಕೊಂದು ಪುಟ್ಟ ಆಲಿಕೆ ತಂದಿಟ್ಟಿದ್ದಳು.

“ಇದೇನ್ರಿ ಇದು?”

“ಮುಚ್ಚು ಅಂದಿ, ಮುಚ್ಚೇನಿ. ಅವ್ವಂದೂ ನಡೀತು, ನಿಂದೂ ನಡೀತು” ಎಂದ ಅತುಲ. ತನ್ನ ಜಾಣತನಕ್ಕೆ ತಾನೇ ಮೆಚ್ಚಿದ ದನಿ.

“ಕೆಳಗ ಗೋಣಿಚೀಲನ ಅಲ್ಲ?”

“ಮತ್ತೇನ ಬಂಗಾರ ತುಂಬಲೇನ?”

“ಈ ನಂಬರ?”

ಅತುಲ ಅಂಗಿಯ ತೋಳು ಮಡಚುತ್ತ ಹೊರಗೆ ಹೋದ. ಕಾರಣ ಹೇಳಿದವನು ಹರ್ಷದ. ಗಡಹಿಂಗ್ಲಜದ ಆಚೆ ಒಂದು ಹಳ್ಳಿಯಲ್ಲಿ ಅರವತ್ತೆರಡನೇ ಬೋರಿನ ಮೇಲೆ ಯಾರೋ ದನದ ಕೊಟ್ಟಿಗೆ ಕಟ್ಟಿಬಿಟ್ಟಿದ್ದರು. ಹುಡುಕುವುದು, ಕೆಡವಿಸುವುದು ಯಾರಿಗೆ ಬೇಕು? ಅತುಲ ಹಿತ್ತಲಿನ ಬೋರಿನ ಫೋಟೋ ತೆಗೆದು ಅದರ ಹೆಸರಿಗೆ ಕಳಿಸಿದ್ದ.

“ಅಂದ್ರ ಅಲ್ಲೀದೂ ತೆರದೈತಿ, ಇಲ್ಲೀದೂ ತೆರದೈತಿ. ಕಾಗದದಾಗ ಎರಡೂ ಬಂದ್” ಎಂದಳು ನೂತನ.

“ನೀವೂ ಭಾರಿ ಶಾಣ್ಯಾರದೀರಿ ವೈನಿ.”

“ನೀ ಎಂಥವ ಅದಿ? ಕರಣಿ ಆಡಿಸಿದ ಕೈ ನಿಂದ ಅಲ್ಲ?”

ಹರ್ಷದನ ಮುಖ ಕೆಂಪಾಯಿತು. “ನಾ ಏನ್ ಮಾಡ್ಲಿ? ದಾದಾ ಹೇಳ್ತಾನ, ನಾ ಮಾಡ್ತೇನಿ. ಅವನ ಅನ್ನ ತಿನ್ನಾಕತ್ತೇನಿ.”

“ಅನ್ನ ಮಾಡಾಕಿ ನಾನು” ಎಂದು ನೂತನ ಸಂತೆಯ ಚೀಲ ಎತ್ತಿಕೊಂಡು ಒಳಗೆ ಹೋದಳು.

*

ಮೇ ಮೊದಲ ವಾರ ಅಡ್ಡಮಳೆ ಬಂತು. ಸಂಜೆ ನಾಲ್ಕಕ್ಕೆ ಗಾಳಿಯೆದ್ದು ಅರ್ಧ ತಾಸು ಹೊಡೆಯಿತು. ಗಟಾರ ಉಕ್ಕಿ ಹಿತ್ತಲಿಗೆ ನುಗ್ಗಿತು. ನೂತನ ಒಣಗಿಸಿದ ಹಪ್ಪಳ ತೆಗೆಯಲು ಓಡಿದವಳು ಸಿಮೆಂಟಿನ ಮುಂದೆ ನಿಂತುಬಿಟ್ಟಳು. ಕಪ್ಪು ನೀರು ಪ್ಲಾಸ್ಟಿಕ್ ಪೈಪಿನ ಸುತ್ತ ಚಕ್ರಾಕಾರವಾಗಿ ತಿರುಗುತ್ತ ಒಳಗೆ ಇಳಿಯುತ್ತಿತ್ತು. ಬರೀ ಪೈಪಲ್ಲ, ಸಿಮೆಂಟಿನ ಅಂಚಿನಲ್ಲಿ ಮಣ್ಣು ಕುಸಿದು ಅಲ್ಲಿಂದಲೂ ಇಳಿಯುತ್ತಿತ್ತು. ಗುಳುಗುಳು ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಹಪ್ಪಳ ನೆನೆದು ಹಿಟ್ಟಾದವು.

ಅದಕ್ಕೆ ಮುಂಚೆಯೇ ಪ್ರಾಜಕ್ತಾಳನ್ನು ಕೊಲ್ಹಾಪುರದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಯಕೃತ್ತು ಊದಿಕೊಂಡಿದೆ ಎಂದಿದ್ದರಂತೆ. ಹನ್ನೊಂದು ದಿನ ಶಿವವ್ವ ಅಲ್ಲಿಯೇ ನೆಲದ ಮೇಲೆ ಮಲಗಿದಳು. ಯಲಗೂರಪ್ಪ ಒಂದು ಪಾಳಿ ಮಗ್ಗ ನಡೆಸಿ, ಬಸ್ಸು ಹತ್ತಿ ಹೋಗಿ, ಮರುದಿನ ಪಾಳಿಗೆ ತಿರುಗಿ ಬರುತ್ತಿದ್ದ. ನೂತನ ಡಬ್ಬಿ ಕಟ್ಟಿಕೊಡುತ್ತಿದ್ದಳು. ಸಾವಕ್ಕ ಅದಕ್ಕೆ ಬೇಡವೆನ್ನಲಿಲ್ಲ. ಮೂಸಂಬಿಯನ್ನೂ ಕಳಿಸಿದಳು. ಅವಳು ಕೆಟ್ಟವಳೆಂದು ಓಣಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಇರುವೆ ಗೂಡಿಗೆ ಸಕ್ಕರೆ ಹಾಕುವ ಹೆಂಗಸು.

ಹುಡುಗಿಯನ್ನು ಮನೆಗೆ ಕರೆತಂದ ದಿನ ಯಲಗೂರಪ್ಪ ಅಂಗಳದಲ್ಲಿ ಅತುಲನನ್ನು ತಡೆದ.

“ಸಾವಕಾರ, ಡಾಕ್ಟರ್ ಮತ್ತ ಅದ ನೀರ ಕುಡಿಸಿದ್ರ ಹುಡಿಗಿ ಉಳಿಯೂದಿಲ್ಲ ಅಂದಾರ.”

“ಕುಡಿಸಬ್ಯಾಡ.”

“ಯಾವದ ಕುಡಿಸ್ಲಿ?”

“ನನ್ನ ಕೇಳಿ ಹಡದಿಯೇನ? ಖೋಲಿ ಬ್ಯಾರೆ ನೋಡ್ಕೋ. ನೀರ ಸಮೇತ ಕೊಡಾವ್ರ ಭಾಳ ಮಂದಿ ಅದಾರ.”

ಯಲಗೂರಪ್ಪ ಮುಷ್ಟಿ ಬಿಗಿದಿದ್ದು ಅಡುಗೆಮನೆಯ ಕಿಟಕಿಯಿಂದ ನೂತನಳಿಗೆ ಕಂಡಿತು. ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಒಲೆಯ ಮೇಲೆ ಕುಡಿಯುವ ನೀರು ಕುದಿಯುತ್ತಿತ್ತು. ಎಂಟು ವರ್ಷ ತಾನೇ ಸೋಸಿ ತಾನೇ ಕಾಯಿಸಿದ ನೀರು. ಒಂದು ದಿನವೂ ಒಂದು ಕೊಡ ಹಿಂದಿನ ಖೋಲಿಗೆ ಕೊಟ್ಟಿರಲಿಲ್ಲ.

*

ಮುಂದಿನ ರವಿವಾರ ಸಾವಕ್ಕ ಬಸ್ತಿಯ ಹೆಂಗಸರೊಂದಿಗೆ ಜೀಪಿನಲ್ಲಿ ಬಾಹುಬಲಿ ಕ್ಷೇತ್ರಕ್ಕೆ ಹೋದಳು. ಅತುಲ ಅವಳನ್ನು ಹತ್ತಿಸಿ, ವೃಷಾಲಿಯನ್ನೂ ಜೊತೆಗೆ ಕಳಿಸಿ, ಬಿಲ್ಲು ಬರದೆ ಅರವತ್ತೆರಡಕ್ಕೆ ನಿಂತ ಕೆಲಸದ ಮಾತಿಗೆ ಗುತ್ತಿಗೆದಾರನನ್ನು ಕಾಣಲು ಕೊಲ್ಹಾಪುರಕ್ಕೆ ಹೋದ. ಇಬ್ಬರೂ ಬರುವುದು ಸಂಜೆಗೆ. ಬೆಳಿಗ್ಗೆ ಎಂಟಕ್ಕೆ ನೂತನ ಮಗ್ಗದ ಕೋಣೆಯ ಬಾಗಿಲು ತೆಗೆದು ಹರ್ಷದನನ್ನು ಕರೆದಳು.

“ಹರ್ಷದಾ, ಖರೇನ ಒಂದ ಬೋರ ಹೆಂಗ ಮುಚ್ಚಬೇಕು? ತೋರ್ಸು.”

“ವೈನಿ, ದಾದಾ ನನ್ನ ಚರ್ಮಾ ಸುಲೀತಾನ.”

“ನನ್ನ ಹೆಸರ ಹೇಳು. ಮೊದಲ ನಂದ ಸುಲೀಲಿ.”

ಹರ್ಷದ ತಲೆ ಕೆರೆದುಕೊಂಡ. ಆಮೇಲೆ ಹಾರೆ ಎತ್ತಿಕೊಂಡ. ಯಲಗೂರಪ್ಪನಿಗೆ ಅಂದು ರಜೆ, ಹೇಳುವುದರೊಳಗೇ ಅಂಗಿ ಕಳಚಿ ಬಂದ. ಇಬ್ಬರೂ ಅರವತ್ತೆರಡು ನಂಬರನ್ನು ಒಡೆದರು. ಅತುಲನ ಸಿಮೆಂಟು ನಾಲ್ಕು ಬೆರಳು ದಪ್ಪವಿತ್ತು. ಕೆಳಗಿನ ಗೋಣಿಚೀಲ ಆಗಲೇ ಕೊಳೆತಿತ್ತು, ಕೊಕ್ಕೆ ಹಾಕಿ ಎಳೆದಾಗ ಕಲ್ಲುಗಳು ಬಿಚ್ಚಿಕೊಂಡು ಬಿದ್ದವು. ಬಿದ್ದ ಸದ್ದು ಬರಲು ಹೊತ್ತು ಹಿಡಿಯಿತು. ಬಾಯಿಂದ ಎದ್ದ ನಾತಕ್ಕೆ ಶಿವವ್ವ ಸೆರಗು ಮುಚ್ಚಿಕೊಂಡಳು.

“ಇದನ್ನ ಕುಡದೇವಿ ನಾವು” ಎಂದಳು.

ಕೆಲಸ ಶುರುವಾದ ಮೇಲೆ ಹರ್ಷದ ಬೇರೆಯೇ ಮನುಷ್ಯನಾದ. ಬ್ಯಾಟರಿ ಕಟ್ಟಿದ ಹಗ್ಗ ಬಿಟ್ಟು ಎಲ್ಲಿ ಮುರುಮು ಮುಗಿದು ಗಟ್ಟಿ ಕಲ್ಲು ಶುರುವಾಗುತ್ತದೆಂದು ನೋಡಿದ. ತಳದಿಂದ ಹಿಡಿದು ನೆಲಮಟ್ಟಕ್ಕೆ ಎಂಬತ್ತು ಅಡಿ ಬಾಕಿ ಇರುವವರೆಗೆ ತೊಳೆದ ಖಡಿ, ಸಣ್ಣ ಜಲ್ಲಿಕಲ್ಲು, ಸುರಿಸಿದ. “ಸಿಮೆಂಟ ಮಣ್ಣ ಹಿಡಿಯೂದಿಲ್ಲ, ಕಲ್ಲ ಹಿಡೀತೈತಿ. ಕಲ್ಲಿನಾಗ ಐವತ್ತ ಫೂಟ ಕುಂತ್ರ ಸಾಯೂತನಾ ಜಗ್ಗೂದಿಲ್ಲ” ಎಂದ. ಉದ್ದ ಪೈಪನ್ನು ಖಡಿಯವರೆಗೆ ಇಳಿಸಿದ. ಮೇಲಿಂದ ಸುರಿದರೆ ನೀರಿನಲ್ಲಿ ಸಿಮೆಂಟು ಚದುರಿ ಹಾಳಾಗುತ್ತದೆ. ಪೈಪಿನಿಂದ ಕೆಳಗೆ ಬಿಟ್ಟರೆ ಕೊಳಕು ನೀರನ್ನು ಮೇಲಕ್ಕೆ ಒತ್ತುತ್ತ ತಾನು ಏರುತ್ತದೆ. ನೂತನ, ಶಿವವ್ವ ಪೀಪಾಯಿಯಲ್ಲಿ ಸಿಮೆಂಟು ಕಲೆಸಿದರು, ದೋಸೆ ಹಿಟ್ಟಿನ ಹದಕ್ಕೆ. ಯಲಗೂರಪ್ಪ ಬಕೆಟ್ಟು ಎತ್ತಿ ಆಲಿಕೆಗೆ ಸುರಿದ.

ಐದು ಚೀಲ ಹೋಯಿತು. ಏಳು. ಎಂಟು. ಲೆಕ್ಕದ ಪ್ರಕಾರ ಇಷ್ಟೊತ್ತಿಗೆ ಅರ್ಧಕ್ಕಿಂತ ಮೇಲೆ ಏರಬೇಕಿತ್ತು. ಹರ್ಷದ ಹಗ್ಗ ಬಿಟ್ಟು ನೋಡಿ ಹುಬ್ಬು ಗಂಟಿಕ್ಕಿದ.

“ಏರವಲ್ದು. ಎಲ್ಲೋ ಹೋಗಾಕತ್ತೈತಿ.”

“ಎಲ್ಲಿ?”

ಹರ್ಷದ ಹೊಸ ಬೋರಿನ ಕಡೆ ನೋಡಿದ. ನೂತನ ಹೋಗಿ ಮೋಟಾರಿನ ಬಟನ್ ಒತ್ತಿದಳು. ಅಂಗಳದ ನಳದಲ್ಲಿ ಮೊದಲು ಗಾಳಿ ಬಂತು, ಆಮೇಲೆ ಎಂದಿನ ನೀರು, ಆಮೇಲೆ ಬೂದಿ ಕಲೆಸಿದಂಥ ನೀರು. ಶಿವವ್ವ ಅಂಗೈಯಲ್ಲಿ ಹಿಡಿದು ಉಜ್ಜಿದಳು. ಬೆರಳಿಗೆ ಸಿಮೆಂಟು ಅಂಟಿತು.

“ಅಖಂಡ ಕಲ್ಲಂತ” ಎಂದ ಯಲಗೂರಪ್ಪ, ಉಗುಳಿದ.

ಹರ್ಷದ ಓಡಿ ಬಂದು ಮೋಟಾರು ನಿಲ್ಲಿಸಿದ. “ವೈನಿ, ಕೇಳ್ರಿ. ಈಗ ಇಲ್ಲಿಗೆ ನಿಲ್ಲಿಸಿ ಎರಡ ತಾಸ ಮೋಟಾರ ಹೊಡದ್ರ ಹೊಸಾ ಬೋರ ತೊಳಕೊಂಡ ಉಳೀತೈತಿ. ಇನ್ನ ಹಾಕಿದ್ರ ಬಿರುಕನಾಗೆಲ್ಲಾ ಕುಂತ ಗಟ್ಟಿಯಾಗಿ ಅದೂ ಸಾಯ್ತೈತಿ. ಮನ್ಯಾಗ ಹನಿ ನೀರ ಇರೂದಿಲ್ಲ.”

“ನಿಲ್ಲಿಸಿದ್ರ ಇದು?”

“ಇದು ಅರ್ಧಾ ತುಂಬಿದಂಗ ಉಳೀತೈತಿ. ಮಳಿಗಾಲಕ್ಕ ಮತ್ತ ಅದ.”

ಶಿವವ್ವ ಪೀಪಾಯಿಯ ಕೋಲು ಹಿಡಿದು ನಿಂತಿದ್ದಳು. ಅವಳೂ ಬೇಡವೆಂದು ಹೇಳಬಹುದಿತ್ತು. ಅವಳಿಗೂ ಮನೆಯಲ್ಲಿ ಬೇರೆ ನೀರಿರಲಿಲ್ಲ.

“ಅಕ್ಕಾರ, ನಿಮ್ಮ ಮನಿ. ನೀವ ಹೇಳ್ರಿ” ಎಂದಳು.

“ಚೀಲ ಒಡಿ” ಎಂದಳು ನೂತನ.

ಹದಿಮೂರನೇ ಚೀಲಕ್ಕೆ ಅದು ಏರತೊಡಗಿತು. ಕಪ್ಪು ನೀರು ಮೊದಲು ಬಾಯಿಗೆ ಬಂದು ಹೊರಚೆಲ್ಲಿ ಗಟಾರ ಸೇರಿತು. ಅದರ ಹಿಂದೆ ಬೂದು ಬಣ್ಣದ ದಪ್ಪ ಸಿಮೆಂಟು ನಿಧಾನವಾಗಿ ಮೇಲೆ ಬಂತು. ಹದಿನೆಂಟನೇ ಚೀಲಕ್ಕೆ ನೆಲಕ್ಕೆ ಸಮನಾಯಿತು.

*

ಸಂಜೆ ಐದಕ್ಕೆ ತಾಯಿ ಮಗ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬಂದರು. ಅತುಲ ನಳ ತಿರುಗಿಸಿದ, ಬರಲಿಲ್ಲ. ಮೋಟಾರು ಹಾಕಿದ, ಅದು ಗುರ್ ಎಂದು ಸುಮ್ಮನಾಯಿತು. ಹಿತ್ತಲಿಗೆ ಬಂದು ಬೋರಿನ ಬಾಯಿ, ಖಾಲಿ ಚೀಲಗಳ ರಾಶಿ, ಸಿಮೆಂಟು ಮೆತ್ತಿದ ಹೆಂಡತಿ ಎಲ್ಲ ನೋಡಿದ.

“ಯಾರ ಮಾಡಿದ್ದು?”

“ನಾನು.”

“ಯಾರನ್ನ ಕೇಳಿ?”

“ಯಾರನ್ನೂ ಕೇಳಿಲ್ಲ.”

“ನಡೆಯೋ ಬೋರ ಕೊಂದಿ ರಂಡೆ! ನಮ್ಮಪ್ಪ ಕೊರೆಸಿದ ಬೋರು!” ಅತುಲ ಕೈ ಎತ್ತಿದ. ಹರ್ಷದ ಅಡ್ಡ ಬಂದು ಅಣ್ಣನ ಮಣಿಕಟ್ಟು ಹಿಡಿದ. ಹುಟ್ಟಿದ ಮೇಲೆ ಮೊದಲ ಸಲ.

“ಬಿಡೋ.”

“ಬಿಡಾಂಗಿಲ್ಲ ದಾದಾ.”

“ಪೋಲೀಸ್‌ರಿಗೆ ಹೇಳ್ತೇನಿ. ಈ ಬಾಡಿಗಿಯವ್ರನ್ನೂ ಒಳಗ ಹಾಕಸ್ತೇನಿ.”

“ಹೇಳ್ರಿ” ಎಂದಳು ನೂತನ. ಅವಳ ದನಿ ಏರಲಿಲ್ಲ. “ಹದಿನೆಂಟ ಚೀಲ ಎಲ್ಲಿಂದ ಬಂದ್ವು ಅಂತ ಕೇಳ್ತಾರ. ಅರವತ್ತೊಂದ ಬೋರಿನ ಬೂಚ ತೋರ್ಸಾಕ ನಾನ ಜೀಪ ಹತ್ತಿ ಗಡಹಿಂಗ್ಲಜಕ್ಕ ಬರ್ತೇನಿ.”

ಅತುಲ ಕೈ ಕೊಸರಿಕೊಂಡು ಇಳಿಸಿದ. ಓಣಿಯ ಜನ ಗೋಡೆಯ ಮೇಲೆ ತಲೆ ಇಟ್ಟಿದ್ದರು. ಅವನು ಅವರ ಕಡೆ “ಕಾಯ್ ತಮಾಶಾ ಆಹೇ ಕಾ?” ಎಂದು ಅರಚಿ ಒಳಗೆ ಹೋದ.

ಸಾವಕ್ಕ ಮಾತ್ರ ಹೋಗಲಿಲ್ಲ. ಬಾಹುಬಲಿಯ ಗಂಧ ಇನ್ನೂ ಹಣೆಯ ಮೇಲಿತ್ತು. ಹಸಿ ಸಿಮೆಂಟಿನ ಹತ್ತಿರ ಬಂದು ಬಗ್ಗಿ ನೋಡಿದಳು.

“ಒಳಗಿದ್ದ ಜೀವಾ?”

“ಸತ್ವು” ಎಂದಳು ನೂತನ. “ಎಲ್ಲಾ ಸತ್ವು ಅತ್ತಿ. ನಾನ ಕೊಂದೆ.”

“ಎಂಥಾ ಮನಿಯಾಗ ಹುಟ್ಟೀಯ ನೀ?”

“ಆ ಪಾಪ ನನಗಿರ್ಲಿ. ಪ್ರಾಜಕ್ತಾಂದು ಯಾರಿಗೆ ಅಂತ ನಿಮ್ಮ ಮುನಿ ಮಹಾರಾಜರನ್ನ ಕೇಳ್ರಿ.”

ಸಾವಕ್ಕ ಅಂದು ಸೊಸೆ ಮಾಡಿದ ಅಡುಗೆ ಮುಟ್ಟಲಿಲ್ಲ. ಮರುದಿನದಿಂದ ಒಂದೇ ಅಡುಗೆಮನೆಯಲ್ಲಿ ಬೇರೆ ಒಲೆ ಹೂಡಿದಳು. ಅತುಲ ಹೆಂಡತಿಯೊಂದಿಗೆ ಮಾತು ಬಿಟ್ಟ, ಬೇಕಾದ್ದನ್ನು ವೃಷಾಲಿಯ ಕೈಯಲ್ಲಿ ಹೇಳಿಸಿದ. ಹರ್ಷದ ಕೆಲಸಕ್ಕೆ ಹೋಗಲಿಲ್ಲ. “ತಳಾದಿಂದ ತುಂಬೂದಿದ್ರ ಕರಿ, ಬರ್ತೇನಿ” ಎಂದು ಅಣ್ಣನಿಗೆ ಹೇಳಿ ಹಾಸಿಗೆಯ ಮೇಲೆ ಕೂತ. ಮೂರು ದಿನ ಅತುಲ ಬೇರೆ ಆಳು ಹುಡುಕಿದ. ನಾಲ್ಕನೇ ದಿನ ಮಗ್ಗದ ಕೋಣೆಯಲ್ಲಿ ಉಳಿದ ಚೀಲಗಳನ್ನು ಟೆಂಪೋಕ್ಕೆ ಹೇರಿಸಿದ. ಅವು ಬೋರಿಗೆ ಹೋದವೋ ಅಂಗಡಿಗೆ ಹೋದವೋ ನೂತನಳಿಗೆ ತಿಳಿಯಲಿಲ್ಲ. ಮುಂದಿನ ಟೆಂಪೋದ ಹಿಂದೆ ತಾನೇ ಹೋಗಿ ನೋಡುತ್ತೇನೆಂದು ಹರ್ಷದನಿಗೆ ಹೇಳಿಟ್ಟಳು.

ನಗರಸಭೆಯ ಟ್ಯಾಂಕರು ಓಣಿಯ ತಿರುವಿಗೆ ಬರುತ್ತಿದ್ದುದು ದಿನ ಬಿಟ್ಟು ದಿನ, ಹತ್ತು ಗಂಟೆಯ ಬಿಸಿಲಿಗೆ. ಇಷ್ಟು ವರ್ಷ ಆ ಮನೆಯವರು ಅಲ್ಲಿಗೆ ಹೋದವರಲ್ಲ. ಮನೆಯಲ್ಲಿ ಬೋರಿತ್ತು. ಈಗ ಕೊಡಗಳ ಸಾಲು ಪಾನಪಟ್ಟಿ ಅಂಗಡಿಯವರೆಗೆ ಬೆಳೆದಿತ್ತು. ಸಾಲಿನ ಮುಂದೆ ಶಿವವ್ವ, ನಡುವೆ ನೂತನ. ಸಾವಕ್ಕ ಕೊನೆಗೆ ಬಂದಳು. ಸೊಸೆ ತಂದ ನೀರು ಮುಟ್ಟುವುದಿಲ್ಲವೆಂದು ತಾನೇ ಕೊಡ ಹಿಡಿದು ಬಂದಿದ್ದಳು. ಸಾಲನ್ನು ನೋಡಿದಳು, ಬಿಸಿಲು ನೋಡಿದಳು, ನೇರ ಮುಂದಕ್ಕೆ ನಡೆದಳು.

“ಶಿವವ್ವಾ, ಸರಿ ಸ್ವಲ್ಪ. ನಂದೊಂದ ಕೊಡಾ ತುಂಬಸ್ಕೋತೇನಿ. ಬಸ್ತಿಗೆ ಹೊತ್ತಾಗೇತಿ.”

ಶಿವವ್ವ ತನ್ನ ಕೊಡವನ್ನು ಕೊಳವೆಯ ಕೆಳಗೆ ಇನ್ನಷ್ಟು ಸರಿಸಿದಳು.

“ಪಾಳಿ ಐತ್ರಿ ಅವ್ವಾರ. ಹಿಂದ ನಿಂದರ್ರಿ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾವಕ್ಕನ ಮುಖ ಬಿಗಿಯಿತು. ಎಂಟು ವರ್ಷದ ಅಭ್ಯಾಸಕ್ಕೆ ಅವಳ ಕಣ್ಣು ತಾನಾಗಿ ಸೊಸೆಯನ್ನು ಹುಡುಕಿತು. ನೂತನ ನೋಡಿದಳು. ಶಿವವ್ವನ ಕೊಡ ತುಂಬಿ ಸಾಲು ಸರಿದಿತ್ತು, ತನ್ನ ಎರಡು ಕೊಡಗಳನ್ನು ಕಾಲಿನಿಂದ ಒಂದು ಹೆಜ್ಜೆ ಮುಂದೆ ತಳ್ಳಿದಳು. ಸಾವಕ್ಕ ಕೊಡ ಎತ್ತಿಕೊಂಡು ಪಾನಪಟ್ಟಿ ಅಂಗಡಿಯ ಕಡೆ, ಸಾಲಿನ ಹಿಂದಕ್ಕೆ ನಡೆದಳು.